ಒಂದು ಸಾಕೆಟ್, ಐದು ಬ್ಯಾಟರಿ, ಒಂದು ರಾತ್ರಿ

ಹೊಸ ಊರಿನ ಹೋಟೆಲ್ ರೂಮಿಗೆ ಕಾಲಿಟ್ಟ ಕೂಡಲೇ ಎಲ್ಲರೂ ಕಿಟಕಿಯ ಪರದೆ ಸರಿಸಿ ಹೊರಗೆ ನೋಡುತ್ತಾರೆ. ನಾನು ಮಂಚದ ಪಕ್ಕ ಮಂಡಿಯೂರಿ ಗೋಡೆ ನೋಡುತ್ತೇನೆ. ಸಾಕೆಟ್ ಎಷ್ಟಿವೆ? ಮಂಚದ ಹಿಂದೆ ಒಂದು ಅಡಗಿ ಕೂತಿದೆಯಾ? ಟಿವಿ ಪ್ಲಗ್ ಕಿತ್ತರೆ ಇನ್ನೊಂದು ಸಿಗುತ್ತದಾ? ಮೊದಮೊದಲು ಹೆಂಡತಿ ನಗುತ್ತಿದ್ದಳು. ಈಗ ಅವಳೇ ಇನ್ನೊಂದು ಮೂಲೆಯಿಂದ "ರೀ, ಇಲ್ಲೊಂದಿದೆ" ಅನ್ನುತ್ತಾಳೆ.

ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ದೇಶ ಸುತ್ತುವವರಿಗೆ ಈ ಕಾಯಿಲೆ ಗೊತ್ತಿರುತ್ತದೆ. ಹೊರಡುವ ಮುಂಚೆ ನಾವು ತಲೆ ಕೆಡಿಸಿಕೊಳ್ಳುವುದೆಲ್ಲ ಪ್ಲಗ್ಗಿನ ಆಕಾರದ ಬಗ್ಗೆ. ಆ ದೇಶದ ಸಾಕೆಟ್ ಹೇಗಿದೆ, ಯಾವ ಅಡಾಪ್ಟರ್ ಬೇಕು, ವೋಲ್ಟೇಜ್ ಎಷ್ಟು. ನಾನೂ ಹಾಗೇ ಇದ್ದೆ. ಹತ್ತಾರು ಪ್ರವಾಸ ಆದಮೇಲೆ ಗೊತ್ತಾಗಿದ್ದು, ಅದು ಹತ್ತು ನಿಮಿಷದಲ್ಲಿ ಬಗೆಹರಿಯುವ ವಿಷಯ ಅಂತ. ನಮಗೆ ನಿಜವಾಗಿ ಸಾಲದೇ ಬರುವುದು ಹೊತ್ತು. ರಾತ್ರಿ ಹನ್ನೊಂದಕ್ಕೆ ರೂಮಿಗೆ ಬಂದು, ಬೆಳಗಿನ ಬೆಳಕು ಬೇಕೆಂದು ಆರಕ್ಕೇ ಹೊರಡುವವನಿಗೆ ಕೈಗೆ ಸಿಗುವುದು ಏಳು ಗಂಟೆ. ಅಷ್ಟರಲ್ಲಿ ಕ್ಯಾಮೆರಾ ಬ್ಯಾಟರಿಗಳು, ಫೋನು, ಲ್ಯಾಪ್‌ಟಾಪ್, ಪವರ್ ಬ್ಯಾಂಕ್, ಹೆಂಡತಿಯ ಫೋನು, ಅವಳ ವಾಚು, ಎಲ್ಲಕ್ಕೂ ಹೊಟ್ಟೆ ತುಂಬಬೇಕು. ಗೋಡೆಯಲ್ಲಿ ತೂತು ಒಂದೇ.

ವೋಲ್ಟೇಜ್ ವಿಷಯ ಮೊದಲು ಮುಗಿಸಿಬಿಡೋಣ. ನಿಮ್ಮ ಚಾರ್ಜರ್ ತಿರುಗಿಸಿ ಹಿಂಭಾಗದಲ್ಲಿರುವ ಇರುವೆ ಸಾಲಿನಂಥ ಅಕ್ಷರಗಳನ್ನು ಓದಿ. 'ಇನ್‌ಪುಟ್ 100-240 ವೋಲ್ಟ್, 50/60 ಹರ್ಟ್ಜ್' ಅಂತ ಇದ್ದರೆ ಚಿಂತೆ ಬೇಡ. ಜಪಾನಿನ 100 ವೋಲ್ಟ್ ಇರಲಿ, ಅಮೆರಿಕದ 120 ಇರಲಿ, ಯುರೋಪಿನ 230 ಇರಲಿ, ಒಳಗಿನ ಸರ್ಕ್ಯೂಟ್ ತಾನೇ ಹೊಂದಿಕೊಳ್ಳುತ್ತದೆ. ಈಗಿನ ಕ್ಯಾಮೆರಾ, ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗಳು ಹೆಚ್ಚುಕಡಿಮೆ ಎಲ್ಲವೂ ಹೀಗೇ. ಪಿನ್ನಿನ ಆಕಾರ ಬದಲಿಸುವ ಅಡಾಪ್ಟರ್ ಒಂದಿದ್ದರೆ ಸಾಕು. ಅಡಾಪ್ಟರ್ ವೋಲ್ಟೇಜನ್ನು ಬದಲಿಸುವುದಿಲ್ಲ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಒಂದೇ ವೋಲ್ಟೇಜಿಗೆ ಮಾಡಿದ ಹೇರ್ ಡ್ರೈಯರ್, ಟ್ರಿಮ್ಮರ್ ಇಂಥವು ಮನೆಯಲ್ಲೇ ಉಳಿಯಲಿ.

ಇಷ್ಟೆಲ್ಲ ಗೊತ್ತಿದ್ದ ನಾನೇ ಯುರೋಪಿನ ಪ್ರಾಗ್‌ನಲ್ಲಿ ಮರ್ಯಾದೆ ಕಳೆದುಕೊಂಡೆ.

ಅಮೆರಿಕಕ್ಕೆ ಹೋಗಿದ್ದಾಗ ಆರು ಸಾಕೆಟ್ಟಿನ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಕೊಂಡಿದ್ದೆ. ಗಟ್ಟಿಮುಟ್ಟಾಗಿತ್ತು. ಸರ್ಜ್ ಪ್ರೊಟೆಕ್ಷನ್ ಬೇರೆ ಇತ್ತು, ಅಂದರೆ ಕರೆಂಟ್ ಏಕಾಏಕಿ ಏರಿದರೆ ಸಾಮಾನು ಕಾಪಾಡುತ್ತದೆ ಅಂತ. ಒಂದು ಅಡಾಪ್ಟರ್‌ಗೆ ಇದನ್ನು ಸಿಕ್ಕಿಸಿದರೆ ಆರು ಚಾರ್ಜರ್ ಹಾಕಬಹುದಲ್ಲ ಅಂದುಕೊಂಡೆ. ಯೋಚನೆ ಸರಿಯಾಗೇ ಇತ್ತು, ಬೋರ್ಡ್ ತಪ್ಪಾಗಿತ್ತು. ಪ್ರಾಗ್‌ನ ಆ ಗೆಸ್ಟ್ ಹೌಸಿನಲ್ಲಿ ಚುಚ್ಚಿದ ಕ್ಷಣ 'ಢಬ್' ಅಂತ ಶಬ್ದ, ಸುಟ್ಟ ವಾಸನೆ, ಇಡೀ ಮಹಡಿ ಕತ್ತಲು. ಮನೆಯೊಡತಿ ವಯಸ್ಸಾದವರು. ಟಾರ್ಚ್ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು, ನನ್ನ ಕೈಯಲ್ಲಿದ್ದ ಬೋರ್ಡಿನ ಮೇಲೆ ಬೆಳಕು ಬಿಟ್ಟರು, ನನ್ನ ಮುಖದ ಮೇಲೆ ಬಿಟ್ಟರು, ಏನೂ ಮಾತಾಡದೆ ಇಳಿದುಹೋದರು. ಐದು ನಿಮಿಷಕ್ಕೆ ಕರೆಂಟ್ ಬಂತು. ಬೆಳಗ್ಗೆ ತಿಂಡಿ ಕೊಡುವಾಗಲೂ ಅವರು ಆ ಸುದ್ದಿ ಎತ್ತಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಆಮೇಲೆ ಓದಿ ತಿಳಿದದ್ದು ಇದು. ಇಂಥ ಬೋರ್ಡಿನ ಒಳಗೆ ವೇರಿಸ್ಟರ್ ಅನ್ನುವ ಪುಟ್ಟ ಬಿಲ್ಲೆ ಇರುತ್ತದೆ. ವೋಲ್ಟೇಜ್ ಮಿತಿ ದಾಟಿದರೆ ಅದು ಕರೆಂಟನ್ನು ತನ್ನ ಮೈಮೇಲೆ ಎಳೆದುಕೊಂಡು ಮಿಕ್ಕದ್ದನ್ನು ಉಳಿಸುತ್ತದೆ. ಕ್ಷಣಾರ್ಧದ ಏರಿಕೆಯನ್ನು ತಡೆಯುವುದು ಅದರ ಕೆಲಸ. 120 ವೋಲ್ಟಿಗೆ ಲೆಕ್ಕ ಹಾಕಿ ಕೂರಿಸಿದ ಆ ಬಿಲ್ಲೆಯ ಪಾಲಿಗೆ 230 ಅಂದರೆ ನಿಲ್ಲದೇ ಹೊಡೆಯುವ ಸಿಡಿಲು. ಅದು ತನ್ನ ಕೆಲಸ ಮಾಡಿತು, ಸತ್ತಿತು. ಈಗ ನಾನು ಒಯ್ಯುವ ಬೋರ್ಡ್ ಬರೀ ವೈರು ಮತ್ತು ಮೂರು ಸಾಕೆಟ್, ಯಾವ ರಕ್ಷಣೆಯೂ ಇಲ್ಲದ್ದು, 250 ವೋಲ್ಟ್ ಅಂತ ಮೈಮೇಲೆ ಬರೆದಿರುವಂಥದ್ದು. ದೊಡ್ಡ ಪ್ರವಾಸಿ ಹಡಗುಗಳಲ್ಲಿ ಹೋಗುವವರಿಗೆ ಒಂದು ಮಾತು: ಅಲ್ಲಿ ಸರ್ಜ್ ಇರುವ ಬೋರ್ಡುಗಳನ್ನು ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ.

ಇಷ್ಟು ಬಗೆಯ ತೂತು ಯಾಕೆ ಅಂತ ಸಿಟ್ಟು ಬರುತ್ತದೆ ಅಲ್ವಾ? ಕರೆಂಟ್ ಮನೆಗಳಿಗೆ ಮೊದಲು ಬಂದದ್ದು ದೀಪಕ್ಕೆಂದು. ಪ್ಲಗ್ಗು ಸಾಕೆಟ್ಟು ಆಮೇಲೆ ಸೇರಿಕೊಂಡವು, ಒಂದೊಂದು ದೇಶದಲ್ಲಿ ಒಂದೊಂದು ರೀತಿ. ಬ್ರಿಟನ್ನಿನ ಆ ದಪ್ಪ ಮೂರು ಚಪ್ಪಟೆ ಪಿನ್ನಿನದನ್ನೇ ತಗೊಳ್ಳಿ. ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ತಾಮ್ರಕ್ಕೆ ಬರ. ಪ್ರತಿ ಸಾಕೆಟ್ಟಿಗೂ ಬೇರೆ ತಂತಿ ಎಳೆಯುವ ಬದಲು ಮನೆ ಸುತ್ತ ಒಂದೇ ತಂತಿ ಉಂಗುರದ ಹಾಗೆ ಎಳೆದರು, ಕಾವಲಿಗೆ ಪ್ರತಿ ಪ್ಲಗ್ಗಿನೊಳಗೂ ಒಂದು ಫ್ಯೂಸ್ ಇಟ್ಟರು. 1947ರ ಆ ಮಾದರಿ ಇವತ್ತಿಗೂ ನಮ್ಮ ಬ್ಯಾಗಿನಲ್ಲಿ ಜಾಗ ತಿನ್ನುತ್ತಿದೆ. ಅಂಗಾತ ಬಿದ್ದಿರುವ ಆ ಪ್ಲಗ್ಗನ್ನು ಕತ್ತಲಲ್ಲಿ ತುಳಿದವರಿಗೆ ಅದರ ಬಗ್ಗೆ ಬೇರೆಯೇ ಅಭಿಪ್ರಾಯ ಇರುತ್ತದೆ.

ಈಗ ಎ ಇಂದ ಒ ವರೆಗೆ ಇಂಗ್ಲಿಷ್ ಅಕ್ಷರ ಕೊಟ್ಟು 15 ಬಗೆ ಲೆಕ್ಕ ಹಾಕುತ್ತಾರೆ. ಜಗತ್ತಿಗೆಲ್ಲ ಒಂದೇ ಪ್ಲಗ್ ಇರಲಿ ಅಂತ 1986ರಲ್ಲಿ ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ ಒಂದು ಮಾದರಿ ಹೊರಡಿಸಿತು. ಅದನ್ನು ಕೈಗೆತ್ತಿಕೊಂಡ ದೊಡ್ಡ ದೇಶಗಳು ಬ್ರೆಜಿಲ್ ಮತ್ತು ದಕ್ಷಿಣ ಆಫ್ರಿಕಾ. ಅದರಲ್ಲೂ ಬ್ರೆಜಿಲ್ ಸ್ವಲ್ಪ ತಿದ್ದಿ ತಗೊಂಡಿತು. ಅಲ್ಲಿ ಇನ್ನೊಂದು ತಮಾಷೆ. ಕೆಲವು ಊರಲ್ಲಿ 127 ವೋಲ್ಟ್, ಕೆಲವು ಊರಲ್ಲಿ 220, ಸಾಕೆಟ್ ಮಾತ್ರ ಒಂದೇ ಥರ. ಆಕಾರ ಒಂದಾದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಒಮ್ಮೆ ಅಲ್ಲಿಗೆ ಹೋಗಿ ಬರಬೇಕು.

ಸರ್ವದೇಶಗಳಿಗೂ ಆಗುವ 'ಯೂನಿವರ್ಸಲ್ ಅಡಾಪ್ಟರ್' ಅನ್ನುವ ಡಬ್ಬಿ ನನಗೆ ಅಷ್ಟಾಗಿ ಹಿಡಿಸಲ್ಲ. ತೂಕ ಜಾಸ್ತಿ, ಹಿಡಿತ ಕಮ್ಮಿ. ಯುರೋಪಿನ ಸಾಕೆಟ್ಟು ಗೋಡೆಯೊಳಗೆ ಬಟ್ಟಲಿನ ಹಾಗೆ ತಗ್ಗಾಗಿರುತ್ತದೆ, ಈ ಚೌಕ ಡಬ್ಬಿ ಅದರೊಳಗೆ ಪೂರ್ತಿ ಕೂರುವುದಿಲ್ಲ. ಚಾರ್ಜರ್ ತೂಕಕ್ಕೆ ನಿಧಾನಕ್ಕೆ ಜಗ್ಗಿ, ನಡುರಾತ್ರಿ ಒಂದು ಕೂದಲೆಳೆಯಷ್ಟು ಹೊರಗೆ ಬಂದು ನಿಂತುಬಿಡುತ್ತದೆ. ಬೆಳಗ್ಗೆ ನೋಡಿದರೆ ಎಲ್ಲ ಸಿಕ್ಕಿಸಿದ ಹಾಗೇ ಇದೆ, ಯಾವುದೂ ಚಾರ್ಜ್ ಆಗಿಲ್ಲ. ಹೋಗುವ ದೇಶ ಯಾವುದೆಂದು ಗೊತ್ತಿದ್ದರೆ ಅಲ್ಲಿಗೇ ಆಗುವ ಪುಟ್ಟ ಅಡಾಪ್ಟರ್ ಎರಡು ಒಯ್ಯುವುದೇ ಮೇಲು. ಜಪಾನಿಗೆ ಹೋಗುವವರು ಲ್ಯಾಪ್‌ಟಾಪ್ ಪ್ಲಗ್ಗಿಗೆ ಮೂರನೇ ಪಿನ್ ಇದೆಯಾ ನೋಡಿಕೊಳ್ಳಿ. ಅಲ್ಲಿನ ಬಹಳಷ್ಟು ರೂಮುಗಳಲ್ಲಿ ಎರಡು ಚಪ್ಪಟೆ ಸೀಳು ಬಿಟ್ಟರೆ ಇನ್ನೇನೂ ಇರುವುದಿಲ್ಲ.

ಜಪಾನ್ ಅಂದಾಗ ಇದನ್ನು ಹೇಳದೆ ಮುಂದೆ ಹೋಗಲಾರೆ. ಆ 50/60 ಹರ್ಟ್ಜ್ ಅಂತ ಬರೆದಿರುತ್ತದಲ್ಲ, ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅಂತ, ಚಾರ್ಜರ್‌ಗೆ ಅದು ಯಾವುದಾದರೂ ಸರಿ. ಕ್ಯಾಮೆರಾ ಕಣ್ಣಿಗೆ ಮಾತ್ರ ಹಾಗಲ್ಲ. ಟೋಕಿಯೋಗೆ 1890ರ ದಶಕದಲ್ಲಿ ಜರ್ಮನಿಯಿಂದ ಜನರೇಟರ್ ತರಿಸಿದರು, ಅದು 50 ಹರ್ಟ್ಜ್. ಒಸಾಕಾದವರು ಅಮೆರಿಕದಿಂದ ತರಿಸಿದರು, ಅದು 60. ಇವತ್ತಿಗೂ ಆ ದೇಶ ಎರಡು ಭಾಗ, ಫುಜಿ ನದಿಯ ಆಸುಪಾಸು ಗಡಿ. ಕರೆಂಟಿನ ದೀಪ ಒಂದು ಹರ್ಟ್ಜ್‌ಗೆ ಎರಡು ಸಲ ಮಿನುಗುತ್ತದೆ, ಅಂದರೆ ಟೋಕಿಯೋದ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ, ಒಸಾಕಾದ್ದು 120 ಸಲ. ನಮ್ಮ ಕಣ್ಣಿಗೆ ಕಾಣುವುದಿಲ್ಲ. ಟೋಕಿಯೋದ ಒಂದು ಸಂದಿಯ ಅಂಗಡಿಸಾಲಿನಲ್ಲಿ ಎರಡು ಗಂಟೆ ವಿಡಿಯೋ ತೆಗೆದೆ, ಶಟರ್ 1/60ರಲ್ಲಿಟ್ಟು, ಅಂದರೆ ಒಂದೊಂದು ಚಿತ್ರಕ್ಕೂ ಸೆಕೆಂಡಿನ ಅರವತ್ತನೇ ಒಂದು ಪಾಲು. ರಾತ್ರಿ ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಚಿತ್ರದ ತುಂಬ ಕಪ್ಪು ಪಟ್ಟಿಗಳು ಅಲೆಯಾಗಿ ಇಳಿಯುತ್ತಿವೆ. ಅಲ್ಲಿನ ದೀಪದ ಮಿನುಗಿಗೆ ಹೊಂದುವ 1/50 ಅಥವಾ 1/100 ಇಟ್ಟಿದ್ದರೆ ಬರುತ್ತಿರಲಿಲ್ಲ. ಒಸಾಕಾದಲ್ಲಾದರೆ ನನ್ನ 1/60 ಸರಿಯಾಗೇ ಇರುತ್ತಿತ್ತು. ಚಾರ್ಜರ್ ಹಿಂದೆ ಬರೆದ ಆ ಎರಡು ಅಂಕಿಯನ್ನು ಅಲ್ಲಿಯವರೆಗೆ ನಾನು ಸುಮ್ನೆ ದಾಟಿ ಹೋಗುತ್ತಿದ್ದೆ.

ಸರಿ, ರಾತ್ರಿಯ ಲೆಕ್ಕಕ್ಕೆ ಬರೋಣ. ನನ್ನ ಕ್ಯಾಮೆರಾದ ಬ್ಯಾಟರಿ ಒಂದೊಂದೂ ಹಿಡಿಯುವ ಶಕ್ತಿ 16 ವಾಟ್ ಅವರ್ ಆಸುಪಾಸು. ಅಂಥವು ಐದಿವೆ. ಅಡಿಯಲ್ಲಿ ಪೆನ್ನಿನಿಂದ 1ರಿಂದ 5 ಅಂತ ನಂಬರ್ ಬರೆದಿದ್ದೇನೆ. ಒಂದೇ ಗುಳಿಯ ಚಾರ್ಜರ್‌ನಲ್ಲಿ ಒಂದಕ್ಕೆ ಎರಡೂವರೆ ಗಂಟೆ ಹಿಡಿಯುತ್ತದೆ. ಐದಕ್ಕೆ ಹನ್ನೆರಡೂವರೆ. ಹಾಗಾಗಿ ಎಷ್ಟೋ ವರ್ಷ ರಾತ್ರಿ ಒಂದೂವರೆಗೆ ಒಂದು ಅಲಾರಂ, ನಾಲ್ಕಕ್ಕೆ ಇನ್ನೊಂದು. ಎದ್ದು ಹಸಿರು ದೀಪ ನೋಡಿ, ಬ್ಯಾಟರಿ ಬದಲಿಸಿ, ಮತ್ತೆ ಮಲಗು. ಹಸುಗೂಸು ಇರುವ ಮನೆ ಥರ.

ಈ ಪಾಡು ತಪ್ಪಿಸಿದ್ದು ಒಂದು ಸಣ್ಣ ತಿಳಿವಳಿಕೆ. ಲಿಥಿಯಂ ಬ್ಯಾಟರಿ ಉದ್ದಕ್ಕೂ ಒಂದೇ ವೇಗದಲ್ಲಿ ತುಂಬುವುದಿಲ್ಲ. ಶುರುವಿನಲ್ಲಿ ದಡದಡ ತುಂಬಿಕೊಳ್ಳುತ್ತದೆ, ವೋಲ್ಟೇಜ್ ಮೇಲ್ಮಿತಿ ಮುಟ್ಟಿದ ಮೇಲೆ ಚಾರ್ಜರ್ ಕರೆಂಟನ್ನು ಇಳಿಸುತ್ತಾ ಹೋಗುತ್ತದೆ, ಕೊನೆಯ ಕಾಲು ಭಾಗ ತೆವಳುತ್ತದೆ. ಕೊಡದ ಬಾಯಿ ಹತ್ತಿರ ಬಂದಾಗ ನಲ್ಲಿ ಸಣ್ಣ ಮಾಡುವ ಹಾಗೆ. ಹೊತ್ತು ಕಮ್ಮಿ ಇದ್ದಾಗ ಒಂದನ್ನು ನೂರು ಮಾಡುತ್ತಾ ಕೂರುವುದು ದಡ್ಡತನ. ಎಂಬತ್ತಕ್ಕೆ ಬಂದ ಕೂಡಲೇ ತೆಗೆದು ಮುಂದಿನದನ್ನು ಹಾಕಬೇಕು. ಅರ್ಧಕ್ಕೆ ತೆಗೆದರೆ ಬ್ಯಾಟರಿ ಹಾಳಾಗುತ್ತದೆ ಅನ್ನುವುದು ಹಳೇ ನಿಕಲ್ ಬ್ಯಾಟರಿ ಕಾಲದ ಮಾತು, ಲಿಥಿಯಂಗೆ ಆ ಚಾಳಿ ಇಲ್ಲ. ನನ್ನ ಮಟ್ಟಿಗೆ ಎರಡು ಬ್ಯಾಟರಿ ಎಂಬತ್ತರಲ್ಲಿ ಇರುವುದು, ಒಂದು ನೂರಾಗಿ ಇನ್ನೊಂದು ಖಾಲಿ ಇರುವುದಕ್ಕಿಂತ ಎಷ್ಟೋ ವಾಸಿ.

ಎರಡು ಗುಳಿಯ ಯುಎಸ್‌ಬಿ ಚಾರ್ಜರ್ ತಗೊಂಡ ಮೇಲೆ ಅಲಾರಂ ಒಂದಕ್ಕೆ ಇಳಿಯಿತು. ಮೂರನೇ ಬ್ಯಾಟರಿ ಕ್ಯಾಮೆರಾದೊಳಗೇ ಯುಎಸ್‌ಬಿ-ಸಿ ಕೇಬಲ್ಲಿನಲ್ಲಿ ತುಂಬುತ್ತದೆ, ನಿಧಾನ, ಆದರೆ ರಾತ್ರಿಯಿಡೀ ಇದೆಯಲ್ಲ. ಕ್ಯಾಮೆರಾ ಆಫ್ ಮಾಡಿ ಇಡುವುದನ್ನು ಮರೆಯಬೇಡಿ, ಬಹಳ ಕ್ಯಾಮೆರಾಗಳು ಆನ್ ಇದ್ದರೆ ಚಾರ್ಜ್ ಆಗುವುದಿಲ್ಲ. ಇವೆಲ್ಲಕ್ಕೂ ಸೇರಿ ಗೋಡೆಗೆ ಹೋಗುವುದು 65 ವಾಟಿನ ನಾಲ್ಕು ಕಿಂಡಿಯ ಒಂದೇ ಚಾರ್ಜರ್. ಅದಕ್ಕೂ ಒಂದು ಬುದ್ಧಿ ಇದೆ. 65 ವಾಟ್ ಅಂದರೆ ಒಂದೇ ಕಿಂಡಿ ಬಳಸಿದಾಗಿನ ಮಾತು, ಎರಡನೆಯದನ್ನು ಸಿಕ್ಕಿಸಿದ ಕೂಡಲೇ ಪಾಲಾಗುತ್ತದೆ. ಹೊಸದೊಂದು ಸಿಕ್ಕಿಸಿದಾಗ ಕೆಲವು ಚಾರ್ಜರ್‌ಗಳು ಎಲ್ಲ ಕಿಂಡಿಗಳನ್ನೂ ಒಂದು ಕ್ಷಣ ನಿಲ್ಲಿಸಿ ಮತ್ತೆ ಲೆಕ್ಕ ಹಾಕುತ್ತವೆ. ಹಾರ್ಡ್ ಡಿಸ್ಕಿಗೆ ಫೋಟೋ ನಕಲಾಗುತ್ತಿರುವಾಗ ಅದೇ ಚಾರ್ಜರ್‌ನ ಕರೆಂಟಿಗೆ ನೇತುಬಿದ್ದಿದ್ದರೆ ಅಲ್ಲಿಗೆ ನಕಲು ಅರ್ಧಕ್ಕೆ ನಿಂತ ಹಾಗೆ.

ಕೇಬಲ್ ಬಗ್ಗೆ ಒಂದೇ ಮಾತು. ಎರಡೂ ಕಡೆ ಸಿ ಇರುವ ಕೇಬಲ್ ಮಾತ್ರ ಒಯ್ದು ಹಗುರಾದೆ ಅಂತ ಬೀಗಿದ್ದೆ. ಒಂದು ಪುಟ್ಟ ಎಲ್‌ಇಡಿ ದೀಪ ಏನು ಮಾಡಿದರೂ ಚಾರ್ಜ್ ಆಗಲಿಲ್ಲ. ಕೆಟ್ಟಿದೆ ಅಂದುಕೊಂಡು ಎಸೆಯುವುದರಲ್ಲಿದ್ದೆ. ಸಿ ಕಿಂಡಿ ಇರುವ ಅಗ್ಗದ ಸಾಮಾನುಗಳಲ್ಲಿ ಕೆಲವಕ್ಕೆ, 'ನನಗೆ ಕರೆಂಟ್ ಬೇಕು' ಅಂತ ಚಾರ್ಜರ್‌ಗೆ ತಿಳಿಸುವ ಪುಟ್ಟ ರೆಸಿಸ್ಟರ್ ಹಾಕಿರುವುದಿಲ್ಲ. ಸಿ ಚಾರ್ಜರ್ ಕೇಳದೇ ಕೊಡುವುದಿಲ್ಲ. ಹಳೇ ಅಗಲ ಮೂತಿಯ ಎ ಕೇಬಲ್ ಕೇಳದೆಯೇ ಕೊಡುತ್ತದೆ. ಅದಕ್ಕೇ ಒಂದು ಹಳೇ ಕೇಬಲ್ ಬ್ಯಾಗಿನ ತಳದಲ್ಲಿ ಈಗ ಖಾಯಂ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನು, ಡಿಜಿಟಲ್ ಕ್ಯಾಮೆರಾಗಳಿಗೆಲ್ಲ ಸಿ ಕಿಂಡಿ ಕಡ್ಡಾಯವಾಗಿದೆ. ಕೇಬಲ್ಲಿನ ಈ ತುದಿಯಲ್ಲಿ ಜಗತ್ತು ಕೊನೆಗೂ ಒಂದಾಗುತ್ತಿದೆ. ಗೋಡೆಯ ತುದಿಯಲ್ಲಿ ಯಥಾಪ್ರಕಾರ.

ರೂಮಿನ ಕೀ ಕಾರ್ಡ್ ಕಥೆ ನಿಮಗೂ ಆಗಿರಬಹುದು. ಮಧ್ಯಾಹ್ನ ಎಲ್ಲ ಚಾರ್ಜ್‌ಗೆ ಹಾಕಿ, ಬಾಗಿಲ ಪಕ್ಕದ ಗುಳಿಯಿಂದ ಕಾರ್ಡ್ ಎಳೆದುಕೊಂಡು ಊಟಕ್ಕೆ ಹೋಗಿ, ಎರಡು ಗಂಟೆ ಬಿಟ್ಟು ಬಂದರೆ ಬ್ಯಾಟರಿ ಬಿಟ್ಟಲ್ಲೇ ಇದೆ. ಕಾರ್ಡ್ ತೆಗೆದರೆ ರೂಮಿನ ಕರೆಂಟೇ ಹೋಗುತ್ತದೆ ಅನ್ನುವುದು ಹಸಿವಿನಲ್ಲಿ ಎಲ್ಲಿ ನೆನಪಿರುತ್ತದೆ? ಕೆಲವು ಕಡೆ ಯಾವ ಹಳೇ ಕಾರ್ಡ್ ತುರುಕಿದರೂ ನಡೆಯುತ್ತದೆ, ಕೆಲವು ಕಡೆ ಅದು ಅಸಲಿ ಕಾರ್ಡನ್ನೇ ಕೇಳುತ್ತದೆ. ಫ್ರಿಜ್ ಪ್ಲಗ್ ಇರುವ ಸಾಕೆಟ್ಟಿಗೆ ಹೆಚ್ಚಾಗಿ ಯಾವಾಗಲೂ ಕರೆಂಟ್ ಇರುತ್ತದೆ. ಬರುವಾಗಲೇ ಎರಡು ಕಾರ್ಡ್ ಕೇಳಿ ಪಡೆಯುವುದು ಎಲ್ಲಕ್ಕಿಂತ ಸುಲಭ, ನನಗೆ ಅದು ಹೊಳೆಯಲು ಆರು ವರ್ಷ ಬೇಕಾಯಿತು.

ಚಳಿ ದೇಶದಲ್ಲಿ ಲೆಕ್ಕ ಪೂರ್ತಿ ಬದಲು. ನಾರ್ವೆಯ ಟ್ರೋಮ್ಸೊದಲ್ಲಿ ಧ್ರುವಪ್ರಭೆ ನೋಡಲೆಂದು ಜನವರಿಯಲ್ಲಿ ಹೋಗಿದ್ದೆವು. ತುಂಬಿದ್ದ ಬ್ಯಾಟರಿ ಹೊರಗೆ ಅರ್ಧ ಗಂಟೆಯಲ್ಲಿ ಕೆಂಪಾಯಿತು. ಅದು ನಿಜಕ್ಕೂ ಖಾಲಿ ಆಗಿರುವುದಿಲ್ಲ. ಒಳಗಿನ ರಾಸಾಯನಿಕ ಕ್ರಿಯೆ ಚಳಿಗೆ ನಿಧಾನವಾಗಿರುತ್ತದೆ ಅಷ್ಟೇ. ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟರೆ ಮತ್ತೆ ಜೀವ ಬರುತ್ತದೆ. ಎರಡು ಬ್ಯಾಟರಿಯನ್ನು ಹೀಗೆ ಜೇಬಿಗೂ ಕ್ಯಾಮೆರಾಕ್ಕೂ ಅದಲು ಬದಲು ಮಾಡುತ್ತಾ ರಾತ್ರಿ ಕಳೆದೆ. ಎಡವಟ್ಟಾಗಿದ್ದು ರೂಮಿಗೆ ಬಂದ ಮೇಲೆ. ಎರಡು ಗಂಟೆ ರಾತ್ರಿ, ನಿದ್ದೆಗಣ್ಣು, ಮಂಜಿನಷ್ಟು ತಣ್ಣಗಿದ್ದ ಬ್ಯಾಟರಿಯನ್ನು ನೇರ ಚಾರ್ಜರ್‌ಗೆ ಹಾಕಿದೆ. ದೀಪ ಪಟಪಟ ಮಿನುಗತೊಡಗಿತು. ಹೋಯ್ತು, ಬ್ಯಾಟರಿ ಸತ್ತಿತು ಅಂತ ಎದೆ ಧಸಕ್ ಅಂತು. ಪಾಪ, ಚಾರ್ಜರ್ ಕಾಪಾಡುತ್ತಿತ್ತು. ಸೊನ್ನೆ ಡಿಗ್ರಿಗಿಂತ ತಣ್ಣಗಿರುವ ಲಿಥಿಯಂ ಬ್ಯಾಟರಿಗೆ ಚಾರ್ಜ್ ತುಂಬಿದರೆ ಒಳಗೆ ಲಿಥಿಯಂ ಲೋಹವಾಗಿ ಮೆತ್ತಿಕೊಳ್ಳುತ್ತದೆ, ಆ ಹಾನಿ ಸರಿಹೋಗುವುದಿಲ್ಲ. ಅರ್ಧ ಗಂಟೆ ಮೇಜಿನ ಮೇಲೆ ಬಿಟ್ಟು ಹಾಕಿದೆ, ದೀಪ ತಣ್ಣಗೆ ಉರಿಯಿತು.

ಅಂದೇ ರಾತ್ರಿ ಇನ್ನೊಂದು ಪಾಠ. ಐದಕ್ಕೆ ಅಲಾರಂ ಹೊಡೆದು ಎದ್ದೆ, ಕಿಟಕಿಯಾಚೆ ಕಾರು ನಿಲ್ಲಿಸುವ ಜಾಗದ ಮೇಲೆ ಧ್ರುವಪ್ರಭೆಯ ಹಸಿರು ಪರದೆ ತೂಗಾಡುತ್ತಿತ್ತು. ಕ್ಯಾಮೆರಾ ಎತ್ತಿಕೊಂಡರೆ ಹೊಟ್ಟೆ ಖಾಲಿ. ಎಲ್ಲ ಬ್ಯಾಟರಿ ಹೊರಗೆ ಸಾಲಾಗಿ ಮಲಗಿದ್ದವು. ಒಂದನ್ನು ಕಿತ್ತು, ತುರುಕಿ, ಬೂಟು ಹಾಕಿಕೊಂಡು ಮೆಟ್ಟಿಲಿಳಿಯುವಷ್ಟರಲ್ಲಿ ಪರದೆ ಮಡಿಸಿಟ್ಟಿದ್ದರು. ಅವತ್ತಿನಿಂದ ಒಂದು ತುಂಬಿದ ಬ್ಯಾಟರಿ ಯಾವಾಗಲೂ ಕ್ಯಾಮೆರಾದೊಳಗೇ ಇರುತ್ತದೆ, ಮಿಕ್ಕದ್ದರ ಗತಿ ಏನೇ ಆಗಲಿ.

ವಿಮಾನದ ನಿಯಮ ಬಲ್ಲವರಿಗೆ ಇದು ಹಳೇ ಪಾಠ. ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಕೆಳಗೆ ಹಾಕುವ ಲಗೇಜಿನಲ್ಲಿ ಅಲ್ಲ. ಒಂದೊಂದರ ಮಿತಿ 100 ವಾಟ್ ಅವರ್, 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. 20,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ 3.7 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವಾಟ್ ಅವರ್. ನನ್ನ ಬ್ಯಾಟರಿ ನಾಲ್ಕೂವರೆ ಸಲ ತುಂಬಬೇಕು ಅನ್ನುತ್ತದೆ ಲೆಕ್ಕ. ವೋಲ್ಟೇಜ್ ಬದಲಿಸುವಾಗ ಒಂದಷ್ಟು ಬಿಸಿಯಾಗಿ ಹೋಗುವುದರಿಂದ ಮೂರು ಸಲಕ್ಕೆ ಸುಸ್ತಾಗುತ್ತದೆ. 2025ರ ಜನವರಿಯಲ್ಲಿ ಬುಸಾನ್ ವಿಮಾನ ನಿಲ್ದಾಣದಲ್ಲಿ ನಿಂತಿದ್ದ ವಿಮಾನ ಸುಟ್ಟ ಮೇಲೆ ದಕ್ಷಿಣ ಕೊರಿಯಾದಲ್ಲಿ ಪವರ್ ಬ್ಯಾಂಕನ್ನು ತಲೆಮೇಲಿನ ಗೂಡಿನಲ್ಲಿ ಇಡುವಂತಿಲ್ಲ. ಚೀನಾದ ಒಳನಾಡಿನ ವಿಮಾನಗಳಲ್ಲಿ ಅದೇ ವರ್ಷದ ಜೂನ್ 28ರಿಂದ ಅಲ್ಲಿನ 3ಸಿ ಅನ್ನುವ ಸುರಕ್ಷತಾ ಗುರುತಿಲ್ಲದ ಪವರ್ ಬ್ಯಾಂಕ್ ಬಿಡುವುದಿಲ್ಲ. ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ, ಈಚೆಗೆ ಇವು ಬೇಗ ಬೇಗ ಬದಲಾಗುತ್ತಿವೆ. ಎಲ್ಲ ಬ್ಯಾಟರಿ ಒಂದೇ ಸಂಚಿಯಲ್ಲಿ ಇಟ್ಟುಕೊಳ್ಳುವುದು ನನ್ನ ಅಭ್ಯಾಸ. ಸಣ್ಣ ವಿಮಾನದ ಬಾಗಿಲಲ್ಲಿ "ಜಾಗ ಇಲ್ಲ, ಬ್ಯಾಗ್ ಕೆಳಗೆ ಹಾಕಿ" ಅಂದಾಗ ಆ ಸಂಚಿ ಎಳೆದುಕೊಂಡರೆ ಮುಗಿಯಿತು. ಸಂಚಿಯೊಳಗೆ ತುಂಬಿದ್ದು ಮುಖ ಮೇಲೆ, ಖಾಲಿಯಾದದ್ದು ತಲೆಕೆಳಗೆ.

ಇಷ್ಟೆಲ್ಲ ಶಿಸ್ತು ನೇಪಾಳದ ಡಿಂಗ್‌ಬೋಚೆಯಲ್ಲಿ ಒಂದು ರಾತ್ರಿಗೆ ನೀರಲ್ಲಿ ಹೋಮವಾಯಿತು. ಎವರೆಸ್ಟ್ ತಪ್ಪಲಿನ ಚಾರಣದ ಹಾದಿ, 4,400 ಮೀಟರ್ ಎತ್ತರ. ಅಲ್ಲಿನ ಲಾಡ್ಜ್‌ಗಳಲ್ಲಿ ಚಾರ್ಜ್ ಮಾಡಲು ಬೇರೆ ದುಡ್ಡು ಕೊಡಬೇಕು, ಬಿಸಿಲಿನಿಂದ ಬರುವ ಕರೆಂಟು, ಕೊಡಬೇಕಾದ್ದೇ. ಊಟದ ಕೋಣೆಯಲ್ಲಿ ಒಂದು ಬೋರ್ಡ್, ಅದಕ್ಕೆ ಹತ್ತು ದೇಶದವರ ಫೋನು, ಕ್ಯಾಮೆರಾ, ಹೆಡ್‌ಲ್ಯಾಂಪ್ ಜೋತುಬಿದ್ದಿದ್ದವು. ನನ್ನ ಎರಡು ಗುಳಿಯ ಚಾರ್ಜರ್‌ಗೆ ಹೇಗೋ ಜಾಗ ಸಿಕ್ಕಿತು. ಪಕ್ಕದಲ್ಲೇ ಅದೇ ಕಂಪನಿಯ ಇನ್ನೊಂದು ಚಾರ್ಜರ್, ಅದೇ ಬ್ಯಾಟರಿ, ಯಾರದೋ. ಬೆಳಗ್ಗೆ ನಾಲ್ಕೂವರೆಗೆ, ಕೈ ಮರಗಟ್ಟುವ ಚಳಿಯಲ್ಲಿ, ಕತ್ತಲಲ್ಲಿ ತಡಕಾಡಿ ಎರಡು ಬ್ಯಾಟರಿ ತಗೊಂಡು ಹೊರಟೆ. ಮಧ್ಯಾಹ್ನ ಬದಲಿಸುವಾಗ ತಿರುಗಿಸಿ ನೋಡಿದರೆ ಒಂದರ ಅಡಿಯಲ್ಲಿ ನಂಬರೇ ಇಲ್ಲ. ನನ್ನ 3 ಕಾಣೆ.

ವಾಪಸ್ ಹೋಗುವಷ್ಟು ಹತ್ತಿರ ಇರಲಿಲ್ಲ. ಮರುದಿನ ಎದುರಿಗೆ ಇಳಿದು ಬರುತ್ತಿದ್ದ ಕ್ಯಾಮೆರಾದವರನ್ನೆಲ್ಲ ನಿಲ್ಲಿಸಿ ಬ್ಯಾಟರಿ ತಿರುಗಿಸಿ ನೋಡಿ ಅಂತ ಕೇಳಿದೆ, ಹೆಂಡತಿ ಹತ್ತು ಹೆಜ್ಜೆ ದೂರ ಹೋಗಿ ನಿಂತಳು. ಯಾರ ಹತ್ತಿರವೂ ಇರಲಿಲ್ಲ. ಆ ನಂಬರಿಲ್ಲದ್ದು ಈಗಲೂ ನನ್ನ ಸಂಚಿಯಲ್ಲಿದೆ. ನನ್ನ ಮಿಕ್ಕ ನಾಲ್ಕಕ್ಕಿಂತಲೂ ಜಾಸ್ತಿ ಹೊತ್ತು ಬರುತ್ತದೆ. 3ನೇದು ಆಗಲೇ ಸ್ವಲ್ಪ ಉಬ್ಬಿತ್ತು ಅನ್ನುವುದನ್ನು ನಾನು ಇಲ್ಲಿಯವರೆಗೆ ಹೆಂಡತಿಗೂ ಹೇಳಿಲ್ಲ.